ಣಕಾರದಿಂದ ಶುರುವಾಗುವ ಸಾಲು

ಶ್ಯಾಮಲಾ ಮೇಡಂ ಕೃಷ್ಣರಾಜನಗರದವರು. ಚಿಕ್ಕಂದಿನಿಂದಲೂ ಅವರಿಗೆ ಉಗ್ಗು. ಅದರಲ್ಲೂ ಸ್ವಂತ ಹೆಸರು ಹೇಳುವಾಗಲೇ ನಾಲಿಗೆ ಹೆಚ್ಚು ತಡವರಿಸುತ್ತಿತ್ತು. ‘ಆಫೀಸು ಕೆಲಸ ನೋಡ್ಕೊ ಕಣಮ್ಮ, ಮಕ್ಕಳು ನಗ್ತಾರೆ’ ಎಂದು ತಂದೆ ಗಂಗಾಧರಪ್ಪ ಹೇಳಿದ್ದರು. ಶ್ಯಾಮಲಾ ಕೇಳಲಿಲ್ಲ. ೧೯೯೮ರಲ್ಲಿ ಎಚ್.ಡಿ. ಕೋಟೆಯ ಕಾಡಂಚಿನ ಆದಿವಾಸಿ ಹಾಡಿಯೊಂದರ ಶಾಲೆಗೆ ಟೀಚರಾಗಿ ಬಂದರು.

ತಂದೆ ಹೇಳಿದ ಹಾಗೇ ಆಯಿತು. ‘ನನ್ನ ಹೆಸರು ಶ್... ಶ್...’ ಎನ್ನುತ್ತಿದ್ದಂತೆ ತರಗತಿಯೆಲ್ಲ ನಕ್ಕಿತು. ಶ್ಯಾಮಲಾ ಬೋರ್ಡಿನ ಕಡೆ ತಿರುಗಿದರು. ತಮ್ಮ ಹೆಸರಿನ ಮೂರು ಅಕ್ಷರಗಳನ್ನು ಒಂದರ ಕೆಳಗೊಂದು ಬರೆದು, ಒಂದೊಂದರಿಂದಲೂ ಶುರುವಾಗುವ ಒಂದು ಸಾಲು ಕಟ್ಟಿದರು:

ಶ್ಯಾವಿಗೆಯಂತೆ ಉದ್ದುದ್ದ ಮಾತು
ಮಧ್ಯದಲ್ಲೇ ತುಂಡಾಗೋಯ್ತು
ಲಾರಿ ಕೆಟ್ಟಂಗೆ ನಿಂತೇ ಹೋಯ್ತು!

ಮಕ್ಕಳು ಮತ್ತೆ ನಕ್ಕರು. ಈ ಸಲ ಶ್ಯಾಮಲಾರೂ ನಕ್ಕರು. ಅಂದಿನಿಂದ ಹೆಸರಿನ ಪದ್ಯ ಕಟ್ಟುವುದು ಆ ಶಾಲೆಯ ಆಟವಾಯಿತು.

ಹಿಂದಿನ ಬೆಂಚಿನ ಮಾದೇವಿ ಮಾತ್ರ ಯಾವುದಕ್ಕೂ ಸೇರುತ್ತಿರಲಿಲ್ಲ. ಆ ಮಳೆಗಾಲದಲ್ಲಿ ಜ್ವರ ಬಂದು ಅವಳ ತಾಯಿ ಸಣ್ಣಿ ತೀರಿಕೊಂಡಿದ್ದಳು. ತಿಂಗಳುಗಟ್ಟಲೆ ಸುಮ್ಮನಿದ್ದ ಹುಡುಗಿ ಒಂದು ದಿನ ತಂದೆ ಗುಂಡನ ಹೆಸರಿನ ಮೇಲೆ ಸ್ಲೇಟಿನಲ್ಲಿ ಬರೆದಳು:

ಗುಂಡಿ ದಾಟ್ತೀನಿ ಅಂದ ನಮ್ಮಪ್ಪ
ಡಬ್ ಅಂತ ಬಿದ್ದ, ಮೈಯೆಲ್ಲ ಕೆಸರಪ್ಪ!

ಮರುದಿನ ಬೆಳಿಗ್ಗೆ ಗುಂಡ ಶಾಲೆಯ ಬಾಗಿಲಲ್ಲಿ ನಿಂತಿದ್ದ. ಆ ಪದ್ಯಕ್ಕಾಗಿ ಜಗಳಕ್ಕೇ ಬಂದಿದ್ದಾನೆಂದುಕೊಂಡರು ಶ್ಯಾಮಲಾ. ‘ತ... ತಪ್ಪು ತಿಳ್ಕೋಬೇಡಿ...’ ಎಂದರು. ಮುಂದಿನ ಮಾತು ಬರಲಿಲ್ಲ. ಗುಂಡ ಅವಸರ ಮಾಡದೆ ಕಾದ. ಬರಲೇ ಇಲ್ಲವೆಂದು ಕಂಡಾಗ ತಾನೇ ಹೇಳಿದ:

‘ಅವ್ವ ಸತ್ತ ಮ್ಯಾಲೆ ನಮ್ ಮಗ್ಳು ನಕ್ಕಿರ್ನಿಲ್ಲ ಮೇಡಮ್ಮೋರೆ. ನಿನ್ನೆ ಅದ ಓದ್ಬುಟ್ಟು ಒಟ್ಟೆ ಇಡ್ಕಂಡು ನಕ್ಲು. ಅವ್ರವ್ವನ ಎಸ್ರಿಗೂ ಒಂದ್ ಕಟ್ಸಿ.’

ಸತ್ತವಳ ಮೇಲೆ ನಗೆಯ ಪದ್ಯ ಕಟ್ಟಿಸುವುದು ಹೇಗೆ? ಶ್ಯಾಮಲಾ ಹಿಂಜರಿದರು. ಮಾದೇವಿ ಆಗಲೇ ಬೋರ್ಡಿನ ಹತ್ತಿರ ಬಂದು ‘ಸ’ ಬರೆದಿದ್ದಳು, ಅದರ ಕೆಳಗೆ ‘ಣ’.

‘ಣಕಾರದಿಂದ ಯಾ... ಯಾವ ಮಾತೂ ಶುರುವಾಗಲ್ಲ ಮಗು’ ಎಂದರು ಶ್ಯಾಮಲಾ.

‘ಆಗ್ತದೆ ಮಿಸ್. ಉಣ್ಣಕ್ ಕರೆಯೋವಾಗ ಅವ್ವ ತಟ್ಟೆ ಬಡೀತಿದ್ಲಲ್ಲ, ಆ ಸದ್ದು.’

ಹುಡುಗಿ ಬರೆದಳು:

ಸಪ್ಪೆ ಸಾರು, ಉಪ್ಪೇ ಇಲ್ಲ
ಣಣ್ ಣಣ್ ತಟ್ಟೆ, ಓಡ್ತಿದ್ವಿ ಎಲ್ಲ!

ಗುಂಡನಿಗೆ ಓದಲು ಬಾರದು. ಮಗಳ ಬಾಯಲ್ಲಿ ಕೇಳಿದ. ‘ಊಂ, ಉಪ್ಪು ಆಕೋದ ಮರ್ತೇಬುಡೋಳು’ ಎಂದು ನಕ್ಕವನು ಹಾಗೆಯೇ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಮಾದೇವಿ ಹೋಗಿ ಅಪ್ಪನ ಕೈ ಹಿಡಿದುಕೊಂಡಳು.

‘ಇದ್ರಾಗೆ ಅವಳ ಎಸ್ರು ಎಲ್ಲೈತೆ?’ ಎಂದು ಅವನು ಟವೆಲ್ಲು ತೆಗೆದು ಕೇಳಿದ. ಶ್ಯಾಮಲಾ ಎರಡು ಅಕ್ಷರಗಳನ್ನೂ ಬೆರಳಿಟ್ಟು ತೋರಿಸಿದರು. ಸೀಮೆಸುಣ್ಣ ಅಳಿಸೀತೆಂದು ಅವನು ಮುಟ್ಟಲಿಲ್ಲ. ನೋಡಿಕೊಂಡು ಕೂಲಿಗೆ ಹೋದ.

ಅಂದು ಬೋರ್ಡು ಒರೆಸಲು ಯಾರೂ ಏಳಲಿಲ್ಲ. ಮಧ್ಯಾಹ್ನದ ಲೆಕ್ಕದ ಪಾಠವನ್ನು ಶ್ಯಾಮಲಾ ಬಾಯಲ್ಲೇ ಹೇಳಿಕೊಟ್ಟರು. ಬಹಳ ಹೊತ್ತು ಹಿಡಿಯಿತು. ಮಕ್ಕಳು ಕಾದು ಕೇಳಿದರು.