ಪುಷ್ಪ ಚಿಕ್ಕದ್ದನ್ನೆಲ್ಲ ದೊಡ್ಡದು ಮಾಡಿದ್ದು

ಮಾಡಿದ ಕೆಲಸವನ್ನೇ ಮತ್ತೆ ಮಾಡು ಎಂದರೆ ಪುಷ್ಪಳಿಗೆ ಮೈಯೆಲ್ಲ ಉರಿಯುತ್ತಿತ್ತು. ಇದು ಹುಟ್ಟುಗುಣ. 'ಇನ್ನು ಗಲಾಟೆ ಮಾಡುವುದಿಲ್ಲ' ಎಂದು ನೂರು ಸಲ ಬರೆಯಲು ಮೇಷ್ಟ್ರು ಹೇಳಿದಾಗ ಮೂರು ಪೆನ್ಸಿಲ್ಲುಗಳನ್ನು ಒಟ್ಟಿಗೆ ಕಟ್ಟಿ ಬರೆದು, ಅದಕ್ಕೂ ಏಟು ತಿಂದವಳು. ಅತ್ತೆ ಸಿದ್ದಲಿಂಗಮ್ಮ ಅವಳನ್ನು ಮೈಗಳ್ಳಿ ಎನ್ನುತ್ತಿದ್ದರು. ಅದು ಶುದ್ಧ ಸುಳ್ಳು. ಮೈಗಳ್ಳರು ಕೆಲಸ ತಪ್ಪಿಸಿಕೊಳ್ಳಲು ಮಲಗುತ್ತಾರೆ. ಪುಷ್ಪ ಐದು ನಿಮಿಷದ ಕೆಲಸ ತಪ್ಪಿಸಿಕೊಳ್ಳಲು ಐದು ಗಂಟೆ ದುಡಿಯುತ್ತಿದ್ದಳು.

ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಚಲುವರಾಜುವಿನ ಪ್ರೆಸ್ಸಿದೆ. ಅಲ್ಲಿ ಹದಿನಾಲ್ಕು ವರ್ಷ ಅವಳು ಲಗ್ನಪತ್ರಿಕೆ ಟೈಪು ಮಾಡಿದಳು. ಒಂದು ದಿನ ಆದಿಚುಂಚನಗಿರಿ ಕಡೆಯಿಂದ ಕಾಲೇಜು ಮೇಷ್ಟ್ರೊಬ್ಬರು ತಂಗಿಯ ಮದುವೆ ಕಾರ್ಡಿಗೆಂದು ಬಂದರು. ಪುಷ್ಪ ಇಪ್ಪತ್ತು ಫೈಲುಗಳನ್ನು ಒಂದೊಂದಾಗಿ ತೆರೆದು, ಒಂದೇ ಕಲ್ಯಾಣ ಮಂಟಪದ ಹೆಸರನ್ನು ಇಪ್ಪತ್ತು ಸಲ ತಿದ್ದುತ್ತಿರುವುದನ್ನು ಕಂಡು ಅವರಿಗೇ ಸಂಕಟವಾಯಿತು. "ಸ್ವಲ್ಪ ಜರುಗಮ್ಮ" ಎಂದು ಕೂತು, ಕಂಪ್ಯೂಟರಿನಲ್ಲಿ ಬರೀ ಅಪ್ಪಣೆ ಬರೆಯುವ ಒಂದು ಕರಿ ಪರದೆ ತೆರೆದು, ಒಂದೇ ಒಂದು ಸಾಲು ಬರೆದು ಒತ್ತಿದರು. ಇಪ್ಪತ್ತೂ ಬದಲಾದವು! ಪುಷ್ಪ ಬಾಯಿ ಬಿಟ್ಟುಕೊಂಡು ನೋಡಿದಳು. ಆ ಸಂಜೆ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಊರಿಗೆ ಹೋದಳು. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು.

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಮೊಬೈಲಿನಲ್ಲಿ ನೋಡಿ ನೋಡಿ ಕಲಿತಳು. ಪತ್ರಿಕೆಗಳನ್ನೆಲ್ಲ ಬರೀ ಅಕ್ಷರದ ಫೈಲುಗಳಾಗಿ ಮಾಡಿದಳು. ಪ್ರತಿಯೊಂದರ ನೆತ್ತಿಯ ಮೇಲೆ ಕನ್ನಡದಲ್ಲೇ ಮೂರು ಸಾಲಿನ ಅಪ್ಪಣೆ: ಅಂಚು=ಕೆಂಪು, ದೇವರು=ಗಣಪತಿ, ಅಕ್ಷರ=ಚಿಕ್ಕ. ಅವಳೇ ಬರೆದ ಸ್ಕ್ರಿಪ್ಟು ಎಂಬ ಪುಟ್ಟ ಪ್ರೋಗ್ರಾಮು ಆ ಅಪ್ಪಣೆ ಓದಿ ಪುಟ ಕಟ್ಟಿಕೊಡುತ್ತಿತ್ತು. ಪ್ರತಿ ಸಲ ಅದು ಓಡಿದಾಗಲೂ ಅವಳಿಗೆ ಎದ್ದು ಕುಣಿಯಬೇಕೆನಿಸುತ್ತಿತ್ತು. ಅಂಗಡಿಯಲ್ಲಿ ಯಾರೂ ಇಲ್ಲದಾಗ ಒಂದೆರಡು ಸಲ ಕುಣಿದದ್ದೂ ಉಂಟು.

ಚಲುವರಾಜುವಿಗೆ ಮಾತ್ರ ಆ ಪರದೆ ಕಂಡರೆ ಆಗದು. "ಬಣ್ಣ ಇಲ್ಲ, ಚಿತ್ರ ಇಲ್ಲ. ಇದ್ರಿಂದ ಒಂದ್ ಪತ್ರಿಕೆ ವಾಪಸ್ ಬರ್ಲಿ, ಅವತ್ತೇ ಮುಚ್ಚುಸ್ತೀನಿ. ಆಮ್ಯಾಕೆ ನೀನು ಮೊದ್ಲಿನಂಗೆ ಕೈಯಾಗೇ ಕುಟ್ಬೇಕು, ನೋಡು" ಎಂದು ಖಡಾಖಂಡಿತವಾಗಿ ಹೇಳಿದ್ದ. ಪುಷ್ಪ ಆ ಮಾತಿಗೆ ನಿಜಕ್ಕೂ ಹೆದರಿದ್ದಳು. ಮತ್ತೆ ಕೈಯಲ್ಲಿ ಕುಟ್ಟುವುದಕ್ಕಿಂತ ಕಬ್ಬು ಕಡಿಯಲು ಹೋಗುವುದು ವಾಸಿ ಎಂದು ಅವಳ ಲೆಕ್ಕ.

ಮಾಘ ಮಾಸ ಬಂತು. ಮದುವೆಗಳ ಜಾತ್ರೆ. ನಲವತ್ತಮೂರು ಪತ್ರಿಕೆಗಳು ಸಾಲಾಗಿ ಕಾಯುತ್ತಿದ್ದವು. ಶನಿವಾರ ಚಲುವರಾಜು ತಲೆ ಕೆರೆದುಕೊಳ್ಳುತ್ತ ಬಂದ. "ಅಕ್ಷರ ಇರುವೆ ಸಾಲಿದ್ದಂಗವೆ, ವಯಸ್ಸಾದೋರ್ಗೆ ಕಾಣಾಕಿಲ್ಲ ಅಂತಾವ್ರೆ ಕಣಮ್ಮ. ಎಲ್ಲಾದ್ರಾಗೂ ಚಿಕ್ಕದ್ನ ದೊಡ್ಡದು ಮಾಡ್ಬುಡು."

ಪುಷ್ಪಳ ಬೆರಳು ಆಗಲೇ ಕುಣಿಯುತ್ತಿತ್ತು. ಒಂದು ಸಾಲು ಬರೆದಳು:

s/ಚಿಕ್ಕ/ದೊಡ್ಡ/g

ಅಂದರೆ, ಎಲ್ಲೆಲ್ಲಿ 'ಚಿಕ್ಕ' ಕಾಣುತ್ತದೋ ಅಲ್ಲೆಲ್ಲ 'ದೊಡ್ಡ' ಮಾಡು. ನಲವತ್ತಮೂರು ಫೈಲಿಗೂ ಅಂಟಿಸಿ ಒತ್ತಿದಳು. ಮುಗಿಯಿತು. ಮೊದಲ ಫೈಲು ತೆರೆದರೆ ನೆತ್ತಿಯ ಮೇಲೆ ಮುದ್ದಾಗಿ 'ಅಕ್ಷರ=ದೊಡ್ಡ'. ಕೆಳಗೆ ಓದುವುದೇಕೆ? ಪುಟಗಳನ್ನು ಎಲ್ಲರ ವಾಟ್ಸಾಪಿಗೆ ಕಳಿಸಿದಳು. ಅವಸರವಿದ್ದ ಒಂದೇ ಪತ್ರಿಕೆಯನ್ನು, ಮೇಲುಕೋಟೆ ಪಕ್ಕದ ಹಳ್ಳಿಯ ಚಿಕ್ಕಸಿದ್ದಯ್ಯನ ಮೊಮ್ಮಗಳು ಮೇಘನಳ ಮದುವೆಯದನ್ನು, ಐನೂರು ಪ್ರತಿ ಅಚ್ಚಿಗೂ ಬಿಟ್ಟಳು. ಆ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಸೋಮವಾರ ಬಾಗಿಲು ತೆಗೆಯುತ್ತಿದ್ದಂತೆಯೇ ಫೋನು. ಕೆ.ಆರ್. ಪೇಟೆಯಿಂದ ಚಿಕ್ಕಬೋರಮ್ಮ ಎಂಬ ಹೆಂಗಸು. "ಯವ್ವಾ, ನಮ್ಮತ್ತೆ ಎಸ್ರ ನಂಗ್ಯಾಕವ್ವ ಇಟ್ಟಿದ್ದೀಯೆ? ಆವಮ್ಮ ದೊಡ್ಡಬೋರಮ್ಮ, ಓಗಿ ಒಂಬತ್ತು ವರ್ಸ ಆಯ್ತು!"

ಪುಷ್ಪ ಫೋನು ಕೆಳಗಿಟ್ಟಳು. ಫೈಲು ತೆರೆದಳು. ಇನ್ನೊಂದು ತೆರೆದಳು. ಅಯ್ಯೋ ಶಿವನೇ! ಈ ಸೀಮೆಯಲ್ಲಿ ಚಿಕ್ಕ ಎಂಬುದು ಅಕ್ಷರದ ಗಾತ್ರವೊಂದೇ ಅಲ್ಲ, ಅರ್ಧ ಜನರ ಹೆಸರು ಎಂಬುದು ಹುಟ್ಟಿದಾಗಿನಿಂದ ಇಲ್ಲೇ ಇದ್ದ ಅವಳಿಗೆ ಹೊಳೆಯಲಿಲ್ಲವಲ್ಲ! ಚಿಕ್ಕಸ್ವಾಮಿ ದೊಡ್ಡಸ್ವಾಮಿಯಾಗಿದ್ದ. ಒಬ್ಬ ಮದುಮಗನಿಗೆ ಏಳು ಜನ ದೊಡ್ಡಪ್ಪಂದಿರು, ಚಿಕ್ಕಪ್ಪನೆಂಬ ಪ್ರಾಣಿಯೇ ಇಲ್ಲ. ಚಿಕ್ಕಮಗಳೂರಿನ ಬೀಗರು ದೊಡ್ಡಮಗಳೂರಿನಲ್ಲಿದ್ದರು. ಚಿಕ್ಕಬಳ್ಳಾಪುರದವರು ಇದ್ದಕ್ಕಿದ್ದಂತೆ ದೊಡ್ಡಬಳ್ಳಾಪುರಕ್ಕೆ ಗುಳೆ ಹೋಗಿದ್ದರು.

"ಅದಕ್ಯಾಕಿಂಗೆ ಬಾಯ್ ಬಾಯ್ ಬುಡ್ತೀಯೆ, ಉಲ್ಟಾ ಒಡಿ!" ಎಂದು ಚಲುವರಾಜು ಕೂಗಿದ. "ದೊಡ್ಡದ್ನ ಚಿಕ್ಕದು ಮಾಡು!"

ಗಾಬರಿಯಲ್ಲಿ ಪುಷ್ಪಳೂ ಹಾಗೇ ಒತ್ತಿಬಿಟ್ಟಳು. ಒತ್ತಿದ ಮೇಲೆ ಗೊತ್ತಾಯಿತು. ಈಗ ಮೂರು ತಾಲ್ಲೂಕಿನಲ್ಲಿ ದೊಡ್ಡವರೆಂಬುವರು ಒಬ್ಬರೂ ಉಳಿದಿರಲಿಲ್ಲ. ನಿಜವಾದ ದೊಡ್ಡಪ್ಪಂದಿರೂ ಚಿಕ್ಕಪ್ಪಂದಿರಾಗಿದ್ದರು. 'ದೊಡ್ಡ ಮನಸ್ಸು ಮಾಡಿ ಬಂದು ಹರಸಬೇಕು' ಎಂಬಲ್ಲೆಲ್ಲ 'ಚಿಕ್ಕ ಮನಸ್ಸು ಮಾಡಿ ಬಂದು ಹರಸಬೇಕು' ಎಂದಿತ್ತು. ಪುಷ್ಪಳಿಗೆ ಅಳು ಬರಬೇಕಿತ್ತು, ನಗು ಬಂತು. ಚಲುವರಾಜುವಿನ ಮುಖ ನೋಡಿ ಸೆರಗು ಬಾಯಿಗೆ ತುರುಕಿಕೊಂಡಳು.

ಯಾರು ಹುಟ್ಟಾ ಚಿಕ್ಕ, ಯಾರು ಹುಟ್ಟಾ ದೊಡ್ಡ ಎಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದದ್ದು ಮನೆಯವರು ಅರಿಶಿನ ಹಚ್ಚಿ ಬರೆದುಕೊಟ್ಟಿದ್ದ ಚೀಟಿಗಳಿಗೆ. ಅವನ್ನು ಚುಚ್ಚಿಟ್ಟಿದ್ದ ತಂತಿಯಿಂದ ಬಿಡಿಸಿ ಎದುರಿಗಿಟ್ಟುಕೊಂಡು ನಲವತ್ತೆರಡು ಫೈಲುಗಳ ಹೆಸರುಗಳನ್ನು ಒಂದೊಂದಾಗಿ, ಕೈಯಲ್ಲೇ, ಜೀವಮಾನವೆಲ್ಲ ದ್ವೇಷಿಸಿದ ಆ ಕೆಲಸವನ್ನೇ ಮಧ್ಯಾಹ್ನ ನಾಲ್ಕರವರೆಗೆ ಮಾಡಿದಳು. ಉಲ್ಟಾ ಹೊಡೆದಾಗ ಅಕ್ಷರದ ಗಾತ್ರವೂ ಮೊದಲಿನ ಚಿಕ್ಕದಕ್ಕೇ ಮರಳಿತ್ತು, ಅದಕ್ಕೆ ಯಾರೂ ಕೈ ಹಾಕಲಿಲ್ಲ. ಆದರೆ ಚಿಕ್ಕಸಿದ್ದಯ್ಯನ ಆ ಐನೂರು ಅಚ್ಚಾಗಿ ಹೋಗಿದ್ದವಲ್ಲ!

"ಆವಯ್ಯ ಬ್ಯಾಡ ಅಂದ ಅಂದ್ರೆ ಮುಗೀತು ಪುಷ್ಪ" ಎಂದ ಚಲುವರಾಜು. ಈ ಸಲ ಕೂಗಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

ನಾಲ್ಕೂಕಾಲಿಗೆ ಆಟೋ ಬಂದು ನಿಂತಿತು. ಚಿಕ್ಕಸಿದ್ದಯ್ಯ ಒಬ್ಬನೇ ಬರಲಿಲ್ಲ. ಜೊತೆಗೆ ಅಣ್ಣ ದೊಡ್ಡಸಿದ್ದಯ್ಯ. ಇಬ್ಬರೂ ಅವಳಿ, ಅರವತ್ತೆಂಟು ವರ್ಷ. ಒಂದು ಗಳಿಗೆ ಮೊದಲು ಹುಟ್ಟಿದ ಜೋರಿನ ಮೇಲೆ ದೊಡ್ಡಸಿದ್ದಯ್ಯ ಇಷ್ಟು ವರ್ಷ ತಮ್ಮನ ಮೇಲೆ ಯಜಮಾನಿಕೆ ನಡೆಸಿದ್ದ. ಇಬ್ಬರ ನಡುವೆ ಮುದುರಿ ಕೂತಿದ್ದವರು ತಾಯಿ ದೊಡ್ಡತಾಯಮ್ಮ, ತೊಂಬತ್ತರ ಹತ್ತಿರ. ಮನೆದೇವರಿಗೆ ಮೊದಲ ಪತ್ರಿಕೆ ತಾನೇ ಇಡಬೇಕೆಂದು ಹಟ ಹಿಡಿದು ಬಂದಿದ್ದರು.

ಚಿಕ್ಕಸಿದ್ದಯ್ಯ ಗಂಟಿನಿಂದ ಒಂದು ಪತ್ರಿಕೆ ತೆಗೆದು, ಬೆರಳಿಟ್ಟು ಓದುತ್ತ ಹೋದ. ಬೆರಳು ನಿಂತಿತು. "ಇದೇನವ್ವ, ಇಬ್ರೂ ದೊಡ್ಡಸಿದ್ದಯ್ಯ ಆಗ್ಬುಟ್ಟವ್ರೆ?"

"ಕೊಡ್ಲಾ ಇಲ್ಲಿ!" ದೊಡ್ಡಸಿದ್ದಯ್ಯ ಕಸಿದುಕೊಂಡ. "ಲೇ, ನೀನು ದೊಡ್ಡೋನಾದ್ರೆ ನಾನ್ಯಾರ್ಲಾ? ನಡಿ, ಇವು ಬ್ಯಾಡ."

ಬೇಡ ಎಂಬ ಮಾತು ಬಂದೇಬಿಟ್ಟಿತು. ಚಲುವರಾಜು ಪುಷ್ಪಳ ಕಡೆ ನೋಡಿದ. ಪುಷ್ಪ ಎದ್ದು ನಿಂತಳು. "ತಪ್ಪು ನಂದೇ ತಾತ. ಅಕ್ಸರದ ಗಾತ್ರ ದೊಡ್ಡದು ಮಾಡಕ್ಕೋಗಿ, ಮನ್ಸರ್ನೂ ದೊಡ್ಡೋರ್ನ ಮಾಡ್ಬುಟ್ಟೆ."

ಆಟೋದಿಂದ ಕೆಮ್ಮಿದಂತೆ ಸದ್ದು ಕೇಳಿತು. ಎಲ್ಲರೂ ತಿರುಗಿ ನೋಡಿದರೆ ದೊಡ್ಡತಾಯಮ್ಮ ಬೊಚ್ಚುಬಾಯಿ ತೆರೆದು ನಗುತ್ತಿದ್ದರು.

"ಆಗ್ಲೂ ಇಂಗೇ ಆಗಿದ್ದು ಕಣವ್ವ" ಎಂದರು. "ಗಾತ್ರ ನೋಡೇ ಇಟ್ಟಿದ್ದು ಎಸ್ರ. ಮೊದ್ಲು ಉಟ್ಟೋನು ಇವ್ನು, ಚಿಕ್ಕ. ಇಲಿಮರಿಯಂಗಿದ್ದ. ಆಮ್ಯಾಕೆ ಅವ್ನು ಬಂದ, ಗುಂಡ್ಕಲ್ಲಂಗೆ. ಇವ್ರಪ್ಪ ಒಳೀಕ್ ಬಂದೋನೆ ದಪ್ಪಕ್ಕಿದ್ದೋನ್ನ ಎತ್ಕಂಡು, ಇವ್ನೇ ನನ್ ದೊಡ್ಮಗ ಅಂದ್ಬುಟ್ಟ."

ದೊಡ್ಡಸಿದ್ದಯ್ಯನ ಕೈಯಿಂದ ಪತ್ರಿಕೆ ಜಾರಿತು. "ಯಾಕವ್ವ... ಇಷ್ಟ್ ವರ್ಸ ಯಾಕೇಳ್ಲಿಲ್ಲ?"

"ಯಾರ್ಲಾ ಕೇಳಿದ್ರು ನನ್ನ?"

ಚಿಕ್ಕಸಿದ್ದಯ್ಯ ಮೊದಲು ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ ಹೆಗಲ ಟವಲನ್ನು ಗಾಳಿಗೆ ಎಸೆದು, ಅರವತ್ತೆಂಟರ ಮೊಣಕಾಲನ್ನೂ ಮರೆತು ಅಂಗಡಿಯ ಮುಂದೆ ಒಂದು ಸುತ್ತು ಹಾಕಿದ. "ಬಾರ್ಲಾ ತಮ್ಮಾ!" ಎಂದ. ಆ ಪದ ಅವನಿಗೆ ಎಷ್ಟು ರುಚಿಸಿತೆಂದರೆ ಮತ್ತೊಮ್ಮೆ, ಮಗದೊಮ್ಮೆ ಕರೆದ. ದೊಡ್ಡಸಿದ್ದಯ್ಯ ಮುಖ ಊದಿಸಿ ನಿಂತಿದ್ದವನು ಮೂರನೆಯ ಸಲಕ್ಕೆ ತಡೆಯಲಾರದೆ ಫಕ್ಕನೆ ನಕ್ಕುಬಿಟ್ಟ. "ಎಸ್ರ ಮಾತ್ರ ಬುಡಾಕಿಲ್ಲ ಕಣ್ಲಾ ನಾನು!"

"ನೀನೂ ಇಟ್ಕೊ, ನಾನೂ ಇಟ್ಕತೀನಿ. ಅಚ್ಚಾಗೈತಲ್ಲ!" ಚಿಕ್ಕಸಿದ್ದಯ್ಯ ಐನೂರು ಪತ್ರಿಕೆಗಳ ಗಂಟನ್ನು ತಾನೇ ಎತ್ತಿ ಎದೆಗೊತ್ತಿಕೊಂಡ. ಆಟೋ ಹತ್ತುವ ಮೊದಲು ತಿರುಗಿ ಪುಷ್ಪಳನ್ನು ಭಯಭಕ್ತಿಯಿಂದ ನೋಡಿದ. "ಅಲ್ಲ ಕಣವ್ವ, ನಮ್ಮಟ್ಟಿಯೋರ್ಗೇ ಗೊತ್ತಿಲ್ದಿದ್ದು ನಿನ್ ಕಂಪ್ಯೂಟ್ರಿಗೆ ಎಂಗವ್ವ ಗೊತ್ತಾಯ್ತು?"

ಪುಷ್ಪ ಬಾಯಿ ತೆರೆಯುವ ಮೊದಲೇ ಚಲುವರಾಜು ಎದೆ ಮುಂದೆ ಮಾಡಿ ನಿಂತ. "ಅದು ನಮ್ ಪುಷ್ಪನ ಸ್ಕ್ರಿಪ್ಟು ಕಣಯ್ಯ. ಸುಮ್ನೆ ಏನಂದ್ಕಂಡಿದ್ದೀರಿ?"

ಆಟೋ ತಿರುವಿನಲ್ಲಿ ಮರೆಯಾಯಿತು. ಒಳಗಿನಿಂದ "ತಮ್ಮಾ" ಎಂಬ ಕೂಗು ಇನ್ನೂ ಕೇಳುತ್ತಲೇ ಇತ್ತು. ಪುಷ್ಪ ಮೇಜಿಗೆ ತಲೆಯಿಟ್ಟು, ಉಸಿರು ಕಟ್ಟುವಷ್ಟು ನಕ್ಕಳು. ಚಲುವರಾಜು ಗಂಟಲು ಸರಿಮಾಡಿಕೊಂಡ.

"ನಕ್ಕಿದ್ದು ಸಾಕು. ಆ ಕರೀ ಪರದೆ ತೆಗಿ. ನಲವತ್ತೆರಡು ಇನ್ನೂ ಇರುವೆ ಸಾಲ್ನಂಗೇ ಅವೆ, ದೊಡ್ಡದು ಮಾಡು. ಅಕ್ಸರ ಮಾತ್ರ ಕಣಮ್ಮ, ಅಕ್ಸರ ಮಾತ್ರ!"