ಅವ್ವ ಕಲಸಿದ ಕೇಕು

ನಿನ್ನೆ ಅಪ್ಪನ ಹೊಸ ಹಲ್ಲಿನ ಸೆಟ್ಟು ಹಾಕಿಸಲು ಯಾದಗಿರಿಗೆ ಹೋಗಿದ್ದೆವು. ಬರುವಾಗ ಹೊಕ್ಕ ಅಂಗಡಿಯಲ್ಲಿ ‘ಕೇಕ್ ಹಿಟ್ಟು’ ಎಂಬ ಪೊಟ್ಟಣ ಕಂಡು ನನಗೆ ನಗು ಬಂತು. ನಗದೆ ಏನು ಮಾಡಲಿ ಹೇಳಿ, ಈ ಹಿಟ್ಟಿನ ದೆಸೆಯಿಂದಲೇ ಶಹಾಪುರದ ನಮ್ಮ ಮನೆಯಲ್ಲಿ ಅವ್ವ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದಳು.

ಹೋದ ವರ್ಷ ಡಾಕ್ಟರು ಅಪ್ಪನ ಹಲ್ಲೆಲ್ಲ ಕಿತ್ತರು. ಅವ್ವನ ಜೋಳದ ರೊಟ್ಟಿ ಇಲ್ಲದೆ ಊಟವೇ ಆಗದಿದ್ದವನು, ಅದನ್ನು ಹಾಲಲ್ಲಿ ನೆನೆಸಿಟ್ಟರೆ ತಟ್ಟೆ ದೂಡುತ್ತಿದ್ದ. ಆಗ ಅಣ್ಣನ ಹೆಂಡತಿ, ನಮ್ಮ ವೈನಿ, ತಳಕ್ಕೆ ಉಪ್ಪು ಹರವಿದ ಕುಕ್ಕರಿನಲ್ಲಿ ತತ್ತಿಯಿಲ್ಲದ ಕೇಕು ಮಾಡಿಕೊಟ್ಟಳು. ಒಂದು ಬಟ್ಟಲು ಮೈದಾದಲ್ಲಿ ಎರಡು ಚಮಚ ತೆಗೆದು, ಅಷ್ಟೇ ಕಾರ್ನ್‌ಫ್ಲೋರ್ ಹಾಕಿ, ಮತ್ತೆ ಮತ್ತೆ ಸಾಣಿಸಿದರೆ ಮುಗಿಯಿತು, ಅದೇ ಕೇಕ್ ಹಿಟ್ಟು. ಬಾಯಲ್ಲಿಟ್ಟರೆ ಕರಗುವಂಥ ಕೇಕು. ಅಂದಿನಿಂದ ಅಪ್ಪ ಹಸಿವಾದಾಗ ವೈನಿಯನ್ನೇ ಕೂಗತೊಡಗಿದ.

“ಇಷ್ಟ್ ವರ್ಷ ರೊಟ್ಟಿ ಬಡದು ಹಾಕೀನಿ. ಈಗ ನನ್ನ ಕೈ ಊಟ ಬ್ಯಾಡಾತು,” ಎಂದು ಅವ್ವ ಒಲೆಯ ಮುಂದೆ ಕಣ್ಣೊರೆಸಿಕೊಂಡಳು. ಆದರೆ ಹಲ್ಲಿಲ್ಲದ್ದಕ್ಕೆ ಯಾರನ್ನು ಬೈಯುವುದು?

ವೈನಿಗೆ ಇದು ತಿಳಿಯಿತು. “ಅತ್ತಿ, ಇವತ್ತ ನೀವ ಮಾಡ್ರಿ. ನಾ ಹೇಳ್ತೀನಿ.”

“ಹಿಟ್ಟು ಸಾಣ್ಸೂದು ನನಗ ಹೇಳಿಕೊಡ್ತಿಯೇನ?”

ಸಾಣಿಸಿದ್ದೇನೋ ಚೆನ್ನಾಗಿಯೇ. ಮೊಸರು, ಸಕ್ಕರೆ, ಎಣ್ಣೆ ಬೀಳುತ್ತಲೇ ಅವ್ವನ ಕೈಗೆ ರೊಟ್ಟಿ ನೆನಪಾಯಿತು. ಜೋಳದ ಹಿಟ್ಟು ನಾದಿದಷ್ಟೂ ರೊಟ್ಟಿ ಬಿರಿಯದೆ ಬರುತ್ತದೆ. ಮೈದಾ ನಾದಿದರೆ ರಬ್ಬರು. “ಸಾಕ್ರೀ ಅತ್ತಿ, ಸಾಕ್ರೀ!” ಎಂದು ವೈನಿ ಬಾಯಿ ಮಾಡಿದರೂ ಅವ್ವ ರಟ್ಟೆ ಸೋಲುವತನಕ ತಿರುವಿದಳು.

ಬಾಯಿ ತುಂಬ ಹಲ್ಲಿದ್ದ ನಾನೇ ಅದನ್ನು ಜಗಿಯಲಾರದೆ ಕೆಳಗಿಟ್ಟೆ. ಅಪ್ಪ ವಸಡಿನಲ್ಲಿ ಒಂದಿಷ್ಟು ಒದ್ದಾಡಿ, “ಸ್ವಲ್ಪ ಬಿರಸಾಗ್ಯಾದ,” ಅಂದ. ಅವ್ವ ತಟ್ಟೆ ಕಸಿದುಕೊಂಡು ಎದ್ದಳು.

ಆಮೇಲೆ ಹಟಕ್ಕೆ ಬಿದ್ದಳು. ಹಿಟ್ಟು ಒದ್ದೆಯಾದ ಕೂಡಲೇ ಕೈ ಬಿಡುವುದನ್ನು ಕಲಿತಳು. ಈ ವಯಸ್ಸಿನಲ್ಲಿ ಅದೇನು ಸಣ್ಣ ಮಾತಲ್ಲ. ಕೇಕು ಮೆತ್ತಗೆ ಬಂತು, ಅಪ್ಪ ತಿಂದ. ಹಲ್ಲಿಲ್ಲದ್ದಕ್ಕೆ ತಿನ್ನುತ್ತಾನೆ ಎಂದೇ ಅವ್ವ ತಿಳಿದಿದ್ದಳು.

ನಿನ್ನೆ ಸಂಜೆ ಹೊಸ ಹಲ್ಲಿನ ಅಪ್ಪನ ಮುಂದೆ ಬಿಸಿ ರೊಟ್ಟಿ, ಪುಂಡಿಪಲ್ಯ ಇಟ್ಟಳು. ಅಪ್ಪ ಮೆಲ್ಲಗೆ ಜಗಿದು, ಪೂರ್ತಿ ಉಂಡು, ಅತ್ತಿತ್ತ ನೋಡಿದ.

“ಕೇಕ್ ಎಲ್ಲದ?”

“ಹಲ್ಲು ಬಂದಾವಲ್ಲ, ಇನ್ಯಾಕ? ಬೇಕಾದ್ರ ಸೊಸಿಗೆ ಹೇಳ್ರಿ.”

“ಆಕಿದು ಬ್ಯಾಡ. ನೀ ಮಾಡಿದ್ದ ಬೇಕು.”

ವೈನಿ ಆಚೆ ತಿರುಗಿ ನಕ್ಕಳು. “ಸುಮ್ಕಿರ್ರಿ, ಹುಡುಗರು ಅದಾರ,” ಎಂದು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.