ಮೀಟರು ಕೆಟ್ಟಿತ್ತು, ಶಿವಲೀಲಾ

ಶಿವಲೀಲಾ, ಅಂದು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಿನ್ನಿಂದ ತಪ್ಪಾಗಿರಲಿಲ್ಲ. ಕೆಟ್ಟಿದ್ದದ್ದು ನಮ್ಮ ವೋಲ್ಟ್‌ಮೀಟರು. ಅದು ನನಗೆ ಮೊದಲೇ ಗೊತ್ತಿತ್ತು — ಗೊತ್ತಿದ್ದೂ ಮುಚ್ಚಿಟ್ಟೆ.

ಅದಕ್ಕೂ ಮುಂಚಿನ ಒಂದು ಮಾತು ಹೇಳಬೇಕು. ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದವರಿಗೆ ಕ್ವಾಂಟಮ್ ಪಾಠ ಮಾಡುತ್ತಿದ್ದೆ. ಅಳೆಯುವ ತನಕ ಎಲೆಕ್ಟ್ರಾನಿಗೆ ಇಂಥದ್ದೇ ಜಾಗ ಅಂತಿಲ್ಲ, ಹಲವು ಸಾಧ್ಯತೆಗಳು ಒಟ್ಟಿಗೇ ಇರುತ್ತವೆ. ಅಳೆದ ಕೂಡಲೇ ಒಂದೇ ಉಳಿಯುತ್ತದೆ — ಗೈಡಿನಲ್ಲಿದ್ದದ್ದನ್ನು ಗಡಗಡ ಒಪ್ಪಿಸಿದ್ದೆ. ಬನಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನೀನು ಎದ್ದು ನಿಂತೆ.

"ಸರ್, ಅಳತಿ ಮುಗಿಯೂದು ಯಾವಾಗ್ರಿ? ಮೀಟರಿನ ಮುಳ್ಳ ನಿಂತಾಗೋ, ನಾವು ನೋಡಿದಾಗೋ? ಮೀಟರೂ ಎಲೆಕ್ಟ್ರಾನಿಂದನ ಆಗೇತಲ್ರಿ?"

"ನಾ ಸಹಿ ಹಾಕಿದಾಗ ಮುಗೀತದ ನೋಡವಾ, ಕೂಡು!"

ಇಡೀ ಕ್ಲಾಸು ನಕ್ಕಿತು. ದೊಡ್ಡ ದೊಡ್ಡವರೇ ಇನ್ನೂ ಒಮ್ಮತಕ್ಕೆ ಬಾರದ ಪ್ರಶ್ನೆ ಅದು. ಗೊತ್ತಿಲ್ಲ ಅನ್ನಲು ನನ್ನ ಗಂಟೇನು ಹೋಗುತ್ತಿತ್ತು?

ನಮ್ಮ ಲ್ಯಾಬಿನ ಪದ್ಧತಿ ನಿನಗೆ ಗೊತ್ತೇ ಇದೆ. ಬರಬೇಕಾದ ಉತ್ತರ ಪುಸ್ತಕದಲ್ಲಿರುತ್ತದೆ. ಅಲ್ಲಿಂದ ಹಿಂದಕ್ಕೆ ಗುಣಿಸಿ ಭಾಗಿಸಿ ರೀಡಿಂಗ್ ತುಂಬುವುದು. ನಾನೂ ಹಾಗೇ ಪಾಸಾದವನು, ಹಾಗೇ ಪಾಸು ಮಾಡಿಸಿದವನು. ಪರೀಕ್ಷೆಯ ದಿನ ಆ ಕೆಟ್ಟ ಮೀಟರಿನಲ್ಲೂ ಎಲ್ಲರಿಗೂ ಸರಿಯುತ್ತರ ಬಂತು. ನಿನಗೊಬ್ಬಳಿಗೆ ಬರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರಿಗೆ ನೀನು ಹೇಳಿದ್ದು ಒಂದೇ ಮಾತು: "ನಾ ನೋಡಿದ್ದನ್ನ ಬರ್ದೇನ್ರಿ."

ಅವರು ನನ್ನ ಕಡೆ ತಿರುಗಿದರು — ಮೀಟರು ಸರಿ ಇದೆಯೇನು? ಉಪಕರಣಗಳೆಲ್ಲ ಸುಸ್ಥಿತಿಯಲ್ಲಿವೆ ಎಂದು ಆ ಬೆಳಿಗ್ಗೆಯಷ್ಟೇ ನಾನು ಬರೆದುಕೊಟ್ಟಿದ್ದೆ.

"ಮೀಟರ್ ಛಲೋ ಅದರಿ. ಹುಡುಗಿಗೇ ಲಕ್ಷ್ಯ ಇಲ್ಲ."

ಅಷ್ಟೇ. ನೀನು ಫೇಲಾದೆ. ಎಂ.ಎಸ್ಸಿ. ಸೀಟು ತಪ್ಪಿತು. ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಬರುತ್ತೀ ಅಂದುಕೊಂಡಿದ್ದೆ — ನೀನು ಬರಲಿಲ್ಲ.

ಮೊನ್ನೆ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಮಾರಲು ತಂದಿದ್ದ ಸೀರೆಗಳ ಗಂಟು ಸರಿಸಿ ಬೆಂಚಿನ ಮೇಲೆ ನನಗೆ ಜಾಗ ಮಾಡಿಕೊಟ್ಟೆ. ನಗುತ್ತಲೇ ಕೇಳಿದೆ: "ಸರ್, ಆ ಪ್ರಶ್ನಿಗೆ ಉತ್ತರ ಸಿಕ್ತೇನ್ರಿ?"

"ಇನ್ನೂ ಇಲ್ಲವಾ" ಅಂದೆ. ಆ ಒಂದು ನಿಜ ಹೇಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಇನ್ನೊಂದು ನಿಜ ನಾಲಿಗೆಯ ತುದಿಯವರೆಗೆ ಬಂದಿತ್ತು, ಅಷ್ಟರಲ್ಲಿ ನಿನ್ನ ಬಸ್ಸು ಬಂತು — ಇಲ್ಲ, ಇದೂ ಸುಳ್ಳು. ಬಸ್ಸು ಬಂದಿರಲಿಲ್ಲ. ನಾನೇ ಎದ್ದು ಹೋದೆ.

ಸಾಕಾಗಿದೆ, ಶಿವಲೀಲಾ. ಇದನ್ನು ಹೊತ್ತು ಹೊತ್ತು ದಣಿದಿದ್ದೇನೆ. ನೋಡುವ ತನಕ ಯಾವುದೂ ಖಚಿತವಲ್ಲ ಎಂದು ಪಾಠ ಮಾಡಿದವನು ನಾನು. ಯಾರೂ ನೋಡಿಲ್ಲವಲ್ಲ, ಹಾಗಾದರೆ ಅದು ಆಗಿಯೇ ಇಲ್ಲ — ಎಂದು ಎಷ್ಟೋ ಸಲ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡದ್ದೂ ಉಂಟು. ಎಲೆಕ್ಟ್ರಾನಿನ ಮಾತು ಬೇರೆ. ಮೀಟರು ಕೆಟ್ಟಿತ್ತು, ಮತ್ತು ನಾನು ನೋಡಿದ್ದೆ.

ನಾಳೆ ಬನಹಟ್ಟಿ ಬಸ್ಸು ಹತ್ತುತ್ತೇನೆ. ಈ ಪತ್ರವನ್ನು ಟಪಾಲಿಗೆ ಹಾಕುವುದಿಲ್ಲ, ಕೈಯಲ್ಲೇ ಕೊಡುತ್ತೇನೆ. ನನ್ನ ಮುಂದೆಯೇ ಓದು. ನೀನು ಓದಿ ಮುಗಿಸುವ ತನಕ ಈ ಸಲ ಎದ್ದು ಹೋಗುವುದಿಲ್ಲ.